ಇಸ್ತ್ರಿ ಅತ್ತೆಯ ಫಂಡು

ಫಂಡಾಫೀಸಿನ ಇನ್ಸ್‌ಪೆಕ್ಟರು ನಮ್ಮ ಬೀದಿಗೆ ಬಂದಿದ್ದಾರೆ ಅಂತ ಗೊತ್ತಾದಾಗಿನಿಂದ ಅಪ್ಪ ಲಾಂಡ್ರಿಯೊಳಗೆ ಬೋನಿಗೆ ಬಿದ್ದ ಇಲಿಯ ಹಾಗೆ ಓಡಾಡುತ್ತಿದ್ದರು. ಬಾಯ್ಲರ್ ಹತ್ತಿರ ಹೋಗಿ ಮುಳ್ಳು ನೋಡುವುದು, ಬಾಗಿಲಿಗೆ ಬಂದು ಕತ್ತು ಚಾಚುವುದು, ಒಗೆದಿಟ್ಟ ಬೆಡ್‌ಶೀಟಿನ ರಾಶಿಯನ್ನು ಸುಮ್ಮಸುಮ್ಮನೆ ಎಡದಿಂದ ಬಲಕ್ಕೆ ಎತ್ತಿಡುವುದು. ನನಗೂ ಅದೇ ರೋಗ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಬೆರಳು. ಮನೆಯಲ್ಲಿ ನನ್ನನ್ನು ಪಾದರಸ ಅನ್ನುವುದು ಅದಕ್ಕೇ. ಕಾಲೇಜಿಗೆ ರಜೆ ಇದ್ದ ತಪ್ಪಿಗೆ ಅವತ್ತು ಕೌಂಟರಿನಲ್ಲಿ ಕೂತಿದ್ದೆ. ಅಂದರೆ ನಿಂತಿದ್ದೆ.

ಇನ್ಸ್‌ಪೆಕ್ಟರು ಬೀದಿಯ ಆ ತುದಿಯಿಂದ ಒಂದೊಂದೇ ಅಂಗಡಿ ಮುಗಿಸಿಕೊಂಡು ಬರುತ್ತಿದ್ದರು. ಬಣ್ಣದ ಅಂಗಡಿ ಆಗಿತ್ತು. ಈಗ ಬಡಗಿಯ ವರ್ಕ್‌ಶಾಪಿನಲ್ಲಿದ್ದರು. ಆಮೇಲೆ ಎದುರುಗಡೆಯ ಡಬ್ಬಿ ಮಾಡುವವನು, ಆಮೇಲೆ ನಾವು.

"ಅವರು ನೋಡೋದು ಒಂದೇ," ಅಂದರು ಅಪ್ಪ. "ಫಂಡು ಕಟ್ಟಿದೀವಾ ಇಲ್ವಾ ಅಂತ."

"ಕಟ್ಟಿದೀವಾ?"

ಅಪ್ಪ ಮತ್ತೆ ಬಾಯ್ಲರ್ ನೋಡಲು ಹೋದರು.

ಕೆಲಸ ಬಿಟ್ಟ ಮೇಲೆ ಕೈಗೊಂದಿಷ್ಟು ಸಿಗಲಿ ಅಂತ ಪ್ರತಿ ತಿಂಗಳು ಕೆಲಸದವರ ಸಂಬಳದಲ್ಲಿ ಸ್ವಲ್ಪ ಹಿಡಿದು, ಮಾಲೀಕ ತನ್ನ ಕಡೆಯಿಂದಲೂ ಅಷ್ಟೇ ಸೇರಿಸಿ ಆಫೀಸಿಗೆ ಕಟ್ಟಬೇಕು. ಫಂಡು ಅಂದರೆ ಅಷ್ಟೇ. ಅಪ್ಪ ಎರಡು ವರ್ಷದಿಂದ ಕಟ್ಟಿರಲಿಲ್ಲ.

"ಅವರೇ ಬೇಡ ಅಂದ್ರು ಕಣೇ," ವಾಪಸು ಬಂದು ಪಿಸುಗುಟ್ಟಿದರು. "ಹೋಟೆಲಿನವರು ಆರ್ಡರ್ ಕಮ್ಮಿ ಮಾಡಿದ್ರಲ್ಲ, ಆಗ. ಎಲ್ಲರೂ ಸಾಲಾಗಿ ಬಂದು, ಮುದುಕರಾದಾಗಿಂದು ಆಮೇಲೆ ನೋಡ್ಕೊಳ್ಳೋಣ, ಈಗ ಕೈಗೇ ಕೊಟ್ಬಿಡಿ ಅಂದ್ರು. ಪಾಪ ಅನ್ನಿಸ್ತು. ಕೊಟ್ಟೆ."

ನಾನು ಅಷ್ಟರಲ್ಲೇ ಫೋನಿನಲ್ಲಿ ಫಂಡಾಫೀಸಿನ ಸೈಟು ತೆಗೆದಿದ್ದೆ. "ಕೈಗೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ ಅಂತಿದೆ ಅಪ್ಪ. ಮತ್ತೆ ಕಟ್ಟಬೇಕಂತೆ."

"ನಾವು ಕೇಳಿದ್ದೇನೋ ನಿಜ," ಅಂತ ಒಗೆಯುವ ಯಂತ್ರದ ಹಿಂದಿನಿಂದ ಡ್ರಮ್ ಮಾವನ ದನಿ ಬಂತು. ದೊಡ್ಡ ಡ್ರಮ್ಮು ನೋಡಿಕೊಳ್ಳುವವರು ಅವರು, ಎಷ್ಟು ಸದ್ದಿದ್ದರೂ ಬೇರೆಯವರ ಮಾತು ಮಾತ್ರ ಕಿವಿಗೆ ಬೀಳುತ್ತದೆ. "ಆದ್ರೆ ನೀವು ಕೊಡಬಾರದಿತ್ತು."

"ನೀನು ಮಾತಾಡ್ಬೇಡಪ್ಪ. ಸಾಲಲ್ಲಿ ಮೊದಲು ನಿಂತೋನೇ ನೀನು."

"ನನ್ನ ಹಿಂದೆ ಇದ್ದೋರು ತಳ್ಳಿದ್ರು."

ಸೈಟಿನಲ್ಲಿ ಇನ್ನೊಂದು ವಿಷಯವಿತ್ತು. ಅದನ್ನು ಓದಿದಾಗ ನನ್ನ ಕಾಲು ಒಂದು ಕ್ಷಣ ಕುಣಿಯುವುದನ್ನು ನಿಲ್ಲಿಸಿತು. ಇನ್ಸ್‌ಪೆಕ್ಟರು ಹೊಸ್ತಿಲು ದಾಟುವ ಮುಂಚೆ ಮಾಲೀಕನೇ ತಪ್ಪು ಒಪ್ಪಿಕೊಂಡರೆ ಸಣ್ಣ ದಂಡ, ಬಾಕಿಯನ್ನು ಒಂದು ವರ್ಷದ ಕಂತಿನಲ್ಲಿ ತೀರಿಸಬಹುದು. ಅವರೇ ಬಂದು ಹಿಡಿದರೆ ಬಾಕಿ ಎಷ್ಟೋ ದಂಡವೂ ಅಷ್ಟು, ಎಲ್ಲವನ್ನೂ ಒಂದೇ ತಿಂಗಳಲ್ಲಿ ಕಟ್ಟಬೇಕು.

"ಡಬಲ್ ಬಿದ್ರೆ ಶಟರ್ ಎಳೆಯೋದೇ," ಅಂದರು ಅಪ್ಪ. ಅವರ ಮುಖ ಬ್ಲೀಚಿಗೆ ಹಾಕಿ ತೆಗೆದ ಹಾಗಿತ್ತು. "ಒಪ್ಕೊಳ್ಳೋದು ಹೇಗೆ? ಆಫೀಸಿಗೆ ಓಡ್ಬೇಕಾ?"

"ಇಲ್ಲೇ ಆಗತ್ತೆ. ಒಬ್ಬೊಬ್ಬ ಕೆಲಸದವರ ಫೋನಿಗೂ ಓಟಿಪಿ ಬರತ್ತೆ. ಅವರು ಅದನ್ನ ಹೇಳಿದ್ರೆ ಒಪ್ಪಿದ ಹಾಗೆ. ಎಲ್ಲರದ್ದೂ ಬೇಕು. ಒಬ್ಬರು ಹೇಳ್ದಿದ್ರೂ ಹೋಗಲ್ಲ."

ಫೋನಿನ ಮೇಲೆ ನನ್ನ ಹೆಬ್ಬೆರಳು ಓಡಿತು. ಡ್ರಮ್ ಮಾವ ಒದ್ದೆ ಕೈಯಲ್ಲೇ ಫೋನು ಹಿಡಿದು ನಂಬರು ಕೂಗಿದರು. ಬಟ್ಟೆ ಮಡಿಸುವ ಇಬ್ಬರು ಅಕ್ಕಂದಿರು ಒಬ್ಬರ ನಂಬರನ್ನು ಇನ್ನೊಬ್ಬರು ಓದಿ ಒಂದು ಸಲ ತಪ್ಪಾಯಿತು, ಬೈದುಕೊಂಡು ಸರಿ ಮಾಡಿದರು. ಬಾಗಿಲಲ್ಲಿ ಇಣುಕಿದೆ. ಬಡಗಿಯ ವರ್ಕ್‌ಶಾಪಿನಿಂದ ಫೈಲು ಹಿಡಿದ ಮನುಷ್ಯ ಹೊರಗೆ ಬಂದು, ಬೀದಿ ದಾಟಿ, ಡಬ್ಬಿಯವನ ಅಂಗಡಿಗೆ ಹೋದ.

ಉಳಿದದ್ದು ಒಳಗೆ ಇಸ್ತ್ರಿ ಮಾಡುವ ಇಸ್ತ್ರಿ ಅತ್ತೆ ಒಬ್ಬರೇ. ಅಪ್ಪ ಅವರನ್ನು ಅಕ್ಕ ಅನ್ನುತ್ತಾರೆ.

"ನೀನೇ ಹೋಗಿ ಇಸ್ಕೊಂಡು ಬಾ," ಅಂದರು ಅಪ್ಪ, ನನ್ನ ಮುಖ ನೋಡದೆ. "ಆಫೀಸಿಂದ ಏನೋ ನಂಬರ್ ಬಂದಿದೆ ಅನ್ನು. ಅಷ್ಟು ಸಾಕು."

"ಅಷ್ಟೇ ಯಾಕೆ ಸಾಕು?"

ಅಪ್ಪ ಬೆಡ್‌ಶೀಟಿನ ರಾಶಿಯನ್ನು ಬಲದಿಂದ ಎಡಕ್ಕೆ ಎತ್ತಿಟ್ಟರು. "ಅಕ್ಕ ಸಾಲಿಗೆ ಬಂದಿರ್ಲಿಲ್ಲ. ನಂದು ಅಲ್ಲೇ ಇರಲಿ, ಕಟ್ಟು ಅಂದಿದ್ರು. ಒಬ್ಬರದ್ದೇ ಕಟ್ಟಿದ್ರೆ ಉಳಿದೋರದ್ದು ಎಲ್ಲಿ ಅಂತ ಕೇಳ್ತಾರಲ್ಲ ಆಫೀಸಲ್ಲಿ. ಅದಕ್ಕೆ ಕಟ್ಟಲಿಲ್ಲ."

"ಸರಿ, ಅವರ ಕೈಗೂ ಕೊಡ್ಲಿಲ್ಲ. ಮತ್ತೆ ಆ ದುಡ್ಡು?"

"ಬಾಯ್ಲರ್ ಒಡೆದಿತ್ತಲ್ಲ ಆಗ, ಅದಕ್ಕೆ ಹಾಕ್ದೆ."

ಅತ್ತೆ ಈ ತಿಂಗಳ ಕೊನೆಗೆ ಕೆಲಸ ಬಿಡುವವರು. ತಾತನ ಕಾಲದಿಂದ ಅದೇ ಟೇಬಲ್ಲಿನ ಮುಂದೆ ನಿಂತು ನಿಂತು ಅವರ ಬಲ ಮಣಿಕಟ್ಟು ಈಗ ಬಟ್ಟೆ ಸುತ್ತದೆ ಏಳುವುದಿಲ್ಲ. ತಂಗಿಯ ಮನೆಯ ಹತ್ತಿರ ಒಂದು ಕೋಣೆ ನೋಡಿಟ್ಟಿದ್ದಾರೆ. ಕಿಟಕಿ ಪೂರ್ವಕ್ಕಿದೆ, ನಲ್ಲಿ ಒಳಗೇ ಇದೆ ಅಂತ ನನಗೆ ಎಷ್ಟು ಸಲ ಹೇಳಿದ್ದಾರೋ. ಆ ಕೋಣೆಗೆ ದುಡ್ಡು ಬರಬೇಕಾದದ್ದು ಇದೇ ಫಂಡಿನಿಂದ.

ಒಳಗಿನ ಕೋಣೆಯಲ್ಲಿ ಅತ್ತೆ ಬೆಡ್‌ಶೀಟಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಆವಿಯ ನಡುವೆ ಅವರ ಸೊಂಟದ ಚೀಲದಿಂದ ಫೋನು ಕುಂಯ್ ಅಂತು.

"ಏನೋ ಬಂತು. ನೀನೇ ನೋಡು ಪಾದರಸ, ನನ್ನ ಕೈ ಒದ್ದೆ." ತಾವೇ ಫೋನು ತೆಗೆದು ನನ್ನ ಕೈಗೆ ಕೊಟ್ಟುಬಿಟ್ಟರು.

ಪುಟ್ಟ ಪರದೆಯ ಮೇಲೆ ನಂಬರು ಹೊಳೆಯುತ್ತಿತ್ತು. ಓದಿ, ನನ್ನ ಫೋನಿಗೆ ಒತ್ತಿ, ವಾಪಸು ಕೊಟ್ಟರೆ ಮುಗಿಯಿತು. ಅತ್ತೆ ಇನ್ನೊಂದು ಶೀಟು ಹಾಸುತ್ತಿದ್ದರು. ಹೊರಗೆ ಅಪ್ಪ ಕೆಮ್ಮಿದರು, ಬೇಗ ಅನ್ನುವ ಕೆಮ್ಮು.

"ಅತ್ತೆ, ಈ ನಂಬರ್ ಒತ್ತೋಕೆ ಮುಂಚೆ ಒಂದು ವಿಷಯ ಹೇಳ್ತೀನಿ."

ಹೇಳಿದೆ. ಉಸಿರು ತೆಗೆದುಕೊಳ್ಳದೆ, ಹಿಂದುಮುಂದಾಗಿ, ಬಾಯ್ಲರು ಮೊದಲು, ಸಾಲು ಆಮೇಲೆ. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿ ನಿಲ್ಲಿಸಿದರು. ಶೀಟಿನ ಸುಕ್ಕನ್ನು ಕೈಯಿಂದ ಒಂದು ಸಲ ಸವರಿದರು.

"ಎರಡು ವರ್ಷದ್ದೂ?"

"ಹೂಂ."

"ನಾನು ಈ ನಂಬರ್ ಕೊಟ್ರೆ?"

"ನಿಮ್ಮ ದುಡ್ಡು ಕಂತಲ್ಲಿ ಬರತ್ತೆ. ಒಂದು ವರ್ಷ."

"ಕೊಡದೇ ಇದ್ರೆ?"

"ಒಂದೇ ತಿಂಗಳಲ್ಲಿ ಪೂರ್ತಿ ಬರತ್ತೆ. ಆದ್ರೆ ಅಷ್ಟೇ ದಂಡನೂ ಬೀಳತ್ತೆ. ಲಾಂಡ್ರಿ ಉಳಿಯಲ್ಲ ಅಂತಾರೆ ಅಪ್ಪ."

"ಆ ದಂಡ ಯಾರಿಗೆ ಹೋಗತ್ತೆ?"

"ಆಫೀಸಿಗೆ."

"ಕಾದೋಳು ನಾನು. ದಂಡ ಅವರಿಗೆ ಯಾಕೆ?"

ನಾನು ಸೈಟಿನ ಪುಟವನ್ನು ಕೊನೆಯವರೆಗೂ ಎಳೆದು ನೋಡಿದೆ.

"ಕರಿ ನಿಮ್ಮಪ್ಪನ್ನ."

ಕರೆಯುವ ಅಗತ್ಯವಿರಲಿಲ್ಲ. ಅಪ್ಪ ಬಾಗಿಲ ಪಕ್ಕದಲ್ಲೇ ಇದ್ದರು. ಅವರ ಹಿಂದೆ ಡ್ರಮ್ ಮಾವ, ಅವರ ಹಿಂದೆ ಅಕ್ಕಂದಿರು.

"ತಮ್ಮಾ," ಅಂದರು ಅತ್ತೆ. ಅಪ್ಪ ಬೆಡ್‌ಶೀಟಿನ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದ ವಯಸ್ಸಿನಿಂದ ಹಾಗೇ ಕರೆಯುವುದು. "ಬಾಯ್ಲರ್ ಒಡೆದಾಗ ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ ಅಕ್ಕ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಮುಂದಿನ ತಿಂಗಳು ಕಟ್ಟಿಬಿಡೋಣ ಅನ್ಕೊಂಡೆ. ಪ್ರತಿ ತಿಂಗಳೂ ಅನ್ಕೊಂಡೆ."

ಡ್ರಮ್ ಮಾವ ಮುಂದೆ ಬಂದರು. "ಅಕ್ಕ, ಅಂಗಡಿ ಮುಚ್ಚಿದ್ರೆ ನಾನು ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ನಂಬರ್ ಕೊಟ್ಬಿಡಿ."

"ನಿಂಗೆ ಕೈಗೆ ಸಿಕ್ತಲ್ಲ, ಏನು ಮಾಡ್ದೆ ಅದರಲ್ಲಿ?"

"ಟೀವಿ ತಗೊಂಡೆ."

"ದೊಡ್ಡದಾ?"

"ಸುಮಾರು ದೊಡ್ಡದೇ," ಅಂದು ಮಾವ ಹಿಂದಕ್ಕೆ ಸರಿದರು.

ಅತ್ತೆ ಅಪ್ಪನ ಕಡೆ ತಿರುಗಿದರು. "ಬಟ್ಟೆ ಸಾಗಿಸೋ ವ್ಯಾನ್ ಮಾರು. ಡಬ್ಬಿಯವನು ಎಷ್ಟು ಸಲ ಕೇಳಿದಾನೆ. ಆ ದುಡ್ಡಲ್ಲಿ ನಂದು ಮೊದಲು ಕಟ್ಟು. ಇವರದ್ದು ಕಂತಲ್ಲಿ ಹೋಗ್ಲಿ."

ಅಪ್ಪ ಅಲ್ಲೇ ಡಬ್ಬಿಯವನಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಪಿಸುದನಿ ಕೇಳಿಸಿತು: "ಮಾರಾಯಾ, ಆತ ನನ್ನೆದುರಿಗೇ ಕೂತಿದಾನೆ. ನಂದು ಕಥೆ ಮುಗೀತು. ವ್ಯಾನ್ ಇರಲಿ, ನನ್ನ ಡಬ್ಬಿ ಮೆಷಿನ್ನೇ ನೀನು ತಗೋತೀಯಾ ಹೇಳು."

ನನ್ನ ಫೋನು ನೋಡಿದೆ. ಓಟಿಪಿಯ ಅವಧಿ ಮುಗಿದಿತ್ತು. ನನಗೆ ಅಳು ಬರುವ ಹಾಗೂ ಆಗಿತ್ತು, ನಗು ಬರುವ ಹಾಗೂ. ಎರಡೂ ಬೇಡ ಅಂತ ಉಗುರು ಕಚ್ಚಿದೆ.

ಅತ್ತೆ ಮಣಿಕಟ್ಟಿನ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡರು. ಅದು ಮುಗಿಯುವವರೆಗೆ ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು.

"ಇನ್ನೊಂದ್ಸಲ ಕಳಿಸು ನಂಬರ್ನ," ಅಂದರು. "ತಮ್ಮಾ, ಕೇಳಿಸ್ಕೋ. ತಿಂಗಳ ಕೊನೆಗೆ ನಾನು ಹೊರಡೋದೇ. ಕೋಣೆಯವನಿಗೆ ಮಾತು ಕೊಟ್ಟಿದೀನಿ. ಆದ್ರೆ ನನ್ನ ದುಡ್ಡು ಪೂರ್ತಿ ತೀರೋವರೆಗೂ ನನ್ನ ಸಂಬಳ ನಿಲ್ಲಬಾರದು. ಕಂತು ಬೇರೆ, ಸಂಬಳ ಬೇರೆ."

"ಅಕ್ಕ, ನಿಮಗೂ ಸಂಬಳ ಕೊಟ್ಟು ಇಸ್ತ್ರಿಗೆ ಹೊಸಬರನ್ನ ಇಡೋಕೆ ನಾನೆಲ್ಲಿಂದ ತರ್ಲಿ?"

"ಹೊಸಬರು ಯಾಕೆ? ನಿಂಗೆ ಕೈ ಇಲ್ವಾ?"

ಅಪ್ಪ ತಮ್ಮ ಕೈ ನೋಡಿಕೊಂಡರು. ಬಿಲ್ಲು ಬರೆಯುವ ಕೈ. ಬೀದಿಯಿಂದ ಡಬ್ಬಿಯವನು ಶಟರ್ ಎಳೆದ ಸದ್ದು ಕೇಳಿಸಿತು.

"ಆಯ್ತು," ಅಂದರು.

"ಇವರೆಲ್ಲರ ಮುಂದೆ ಹೇಳು."

"ನಿಮ್ಮ ಸಂಬಳ ನಿಲ್ಲಲ್ಲ. ಇಸ್ತ್ರಿ ನಾನೇ ಮಾಡ್ತೀನಿ."

ಫೋನು ಕುಂಯ್ ಅಂತು. ಅತ್ತೆ ಈ ಸಲ ಅದನ್ನು ನನಗೆ ಕೊಡಲಿಲ್ಲ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಒಂದೊಂದೇ ಅಂಕಿ ಓದಿದರು. ನಾನು ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನನ್ನ ಜೀವವೂ ಅದರ ಜೊತೆ ತಿರುಗಿತು. ಆಮೇಲೆ ಹಸಿರು ಗುರುತು ಬಂತು.

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಆ ಕೋಣೆಯಲ್ಲಿ ಅವರು ಕೂತದ್ದನ್ನು ನಾನು ನೋಡಿರಲೇ ಇಲ್ಲ. "ಶುರು ಮಾಡು. ಹೋಟೆಲಿನವರು ಸಂಜೆಗೆ ಬರ್ತಾರೆ."

ಇನ್ಸ್‌ಪೆಕ್ಟರು ಒಳಗೆ ಬಂದು "ಮಾಲೀಕರು ಯಾರು?" ಅಂದಾಗ ಅಪ್ಪ ಶೀಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇನ್ನೊಂದನ್ನು ಹುಡುಕುತ್ತಿದ್ದರು. ಡ್ರಮ್ ಮಾವ ಅವರತ್ತ ಬೆರಳು ತೋರಿಸಿದರು. ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ, ಅತ್ತೆಯ ಕಡೆ ನೋಡಿದರು. ನಾನು ಫೋನು ಮುಂದೆ ಹಿಡಿದೆ.

ಅವರು ನಿಧಾನವಾಗಿ ಓದಿದರು, ಸಮಯವನ್ನು ತಮ್ಮ ಗಡಿಯಾರದ ಜೊತೆ ಹೋಲಿಸಿ ನೋಡಿದರು. "ಸ್ವಲ್ಪದರಲ್ಲಿ ಬಚಾವ್. ಒಂದು ಕಂತು ತಪ್ಪಿದ್ರೂ ಪೂರ್ತಿ ದಂಡ ವಾಪಸ್ ಬರತ್ತೆ, ತಿಳ್ಕೊಳಿ."

"ತಪ್ಪಲ್ಲ," ಅಂದರು ಅತ್ತೆ, ಅಪ್ಪ ಬಾಯಿಂದ ಶೀಟು ತೆಗೆಯುವ ಮೊದಲೇ.

ಇನ್ಸ್‌ಪೆಕ್ಟರು ಪಕ್ಕದ ಅಂಗಡಿಗೆ ಹೋದರು. ಡ್ರಮ್ಮು ಮತ್ತೆ ತಿರುಗತೊಡಗಿತು. ಅಪ್ಪ ಬೆವರು ಸುರಿಸಿಕೊಂಡು ಮೊದಲ ಶೀಟು ಮುಗಿಸಿ, ಮಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದರು. ಅತ್ತೆ ಅದನ್ನು ತಿರುಗಿಸಿ ನೋಡಿದರು, ಅಂಚಿಗೆ ಅಂಚು ಹಿಡಿದು ನೋಡಿದರು. ಆಮೇಲೆ ಒಂದೇ ಸಲಕ್ಕೆ ಝಾಡಿಸಿ ಬಿಚ್ಚಿ ಟೇಬಲ್ಲಿನ ಮೇಲೆ ಎಸೆದರು.

"ಇನ್ನೊಂದ್ಸಲ."