ಇಂಡಕ್ಷನ್ ಒಲೆಯ ಮುದ್ದೆ

ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ನಾನು ರಾಗಿ ಮುದ್ದೆ ಮಾಡುವುದನ್ನು ಕಲಿಯಬೇಕಿತ್ತು. ಕಲಿಯದಿದ್ದರೆ ಸೇಲಂನ ಈ ಮಹಡಿ ರೂಮು ಖಾಲಿ ಮಾಡಿ ಸೂರಮಂಗಲದ ಕುಪ್ಪಸ್ವಾಮಿ ಮಾವನ ಮನೆ ಸೇರಬೇಕಿತ್ತು. ಮಾವ ಕೆಟ್ಟವನಲ್ಲ. ಆದರೆ ಅವನ ಮನೆಯ ಗೇಟಿಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ, ನನ್ನ ಕೆಮಿಸ್ಟ್ರಿ ಲ್ಯಾಬ್ ಮುಗಿಯುವುದೇ ಐದೂವರೆಗೆ. ಅದನ್ನು ಹೇಳಿದ್ದಕ್ಕೆ ಅವನು, "ಲ್ಯಾಬ್ ಇಲ್ದಿರೋ ಕೋರ್ಸ್‌ಗೆ ಚೇಂಜ್ ಮಾಡ್ಕೊ ಪಾಪಾ, ಅಷ್ಟೇ ತಾನೆ" ಎಂದ. ಅಷ್ಟೇ ತಾನೆ ಅಂತೆ! ಇಡೀ ಕ್ಲಾಸಿನಲ್ಲಿ ಟೈಟ್ರೇಷನ್ ಮಾಡುವಾಗ ಒಂದು ಹನಿ ಹೆಚ್ಚುಕಮ್ಮಿ ಮಾಡದವಳು ನಾನೊಬ್ಬಳೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಈ ಸಲ ಸಿಟ್ಟು ಬಂದಿದ್ದು ನನ್ನ ಮೇಲೇ. ಯಾಕೆಂದರೆ ಈ ಗುಂಡಿ ತೋಡಿಕೊಂಡವಳು ನಾನೇ.

ನಮ್ಮೂರು ಕೊಳತ್ತೂರಿನ ಹತ್ತಿರ. ಹೊಲ ಸ್ವಲ್ಪ, ಕುರಿ ಹೆಚ್ಚು. ನಮ್ಮಪ್ಪ ಮಾದೇಶ್ ನನಗೆ ರೂಮು ಮಾಡಿಕೊಡುವಾಗ ಹಾಕಿದ್ದು ಒಂದೇ ಷರತ್ತು. "ಓಟ್ಲಲ್ಲಿ ತಿಂದು ಒಟ್ಟೆ ಕೆಡಿಸ್ಕೋಬಾರ್ದು. ನೀನೇ ಮಾಡ್ಕೊಂಡು ತಿನ್ಬೇಕು. ಇಲ್ಲಾಂದ್ರೆ ಮಾವನ ಮನೆ." ನಾನು ತಲೆಯಾಡಿಸಿದೆ. ಅಡುಗೆ ಏನು ಮಹಾ, ಅದೂ ಒಂದು ಕೆಮಿಸ್ಟ್ರಿ ಎಂದುಕೊಂಡಿದ್ದೆ.

ರೂಮಿನಲ್ಲಿ ನನ್ನ ಜೊತೆಗಾರ್ತಿ ರಮಾಮಣಿ. ಪಾಪಿರೆಡ್ಡಿಪಟ್ಟಿ ಕಡೆಯವಳು, ಅವಳ ಮನೆಯಲ್ಲೂ ಕನ್ನಡವೇ, ಆದರೆ ಜಗಳವಾಡುವುದೆಲ್ಲ ತಮಿಳಿನಲ್ಲಿ. ಅವಳಿಗೆ ಬರುತ್ತಿದ್ದ ಅಡುಗೆ ಒಂದೇ, ತಕ್ಕಾಳಿ ಸಾದಂ. ಟೊಮೇಟೊ ಹೆಚ್ಚಿ, ಈರುಳ್ಳಿ ಹೆಚ್ಚಿ, ಅಕ್ಕಿಯ ಜೊತೆ ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸುವುದು. ಸೋಮವಾರ ಅದನ್ನೇ ತಿಂದೆವು. ಮಂಗಳವಾರ ಅದಕ್ಕೆ ಕಡಲೆಕಾಯಿ ಹಾಕಿ ಬೇರೆ ಹೆಸರಿಟ್ಟು ತಿಂದೆವು. ಬುಧವಾರ ಅದಕ್ಕೆ ಇನ್ನಷ್ಟು ನೀರು ಬಿದ್ದು ಗಂಜಿಯಾಯಿತು, ಅದಕ್ಕೂ ಒಂದು ಹೆಸರಿಟ್ಟೆವು. ಮಿಕ್ಕ ದಿನ ನೆನೆಸಿದ ಅವಲಕ್ಕಿಗೆ ಬೆಲ್ಲ, ಇಲ್ಲವೆಂದರೆ ಬ್ರೆಡ್ಡಿಗೆ ಚಟ್ನಿಪುಡಿ.

ದಿನಾ ರಾತ್ರಿ ಏಳೂವರೆಗೆ ಅಜ್ಜಿಯ ಫೋನು. ಅಜ್ಜಿ ಎಂದರೆ ಸಿದ್ದಲಕ್ಷ್ಮಮ್ಮ, ಅಪ್ಪನ ಅವ್ವ, ನಮ್ಮ ಮನೆಯ ಕಲೆಕ್ಟರು. "ಏನ್ ಮಾಡ್ಕೊಂಡ್ರೇ ಇವತ್ತು?" ಎಂದು ಕೇಳುವಳು. ನಾನು ಬಾಯಿಗೆ ಬಂದದ್ದು ಹೇಳುವೆ. ಹುರುಳಿಕಾಳಿನ ಸಾರು, ಅಜ್ಜಿ. ಅವರೆಕಾಯಿ ಪಲ್ಯ, ಅಜ್ಜಿ. ಒಂದು ದಿನ ಬಾಯಿ ಜಾರಿ, "ಬಿಸಿಬಿಸಿ ಮುದ್ದೆ ಅಜ್ಜಿ, ನಾನೇ ತಿರುವ್ದೆ" ಎಂದುಬಿಟ್ಟೆ.

ಅಜ್ಜಿ, "ಶನಿವಾರ ಬತ್ತೀನಿ. ಮಧ್ಯಾಹ್ನಕ್ಕೆ ಮುದ್ದೆ ಮಾಡಿಟ್ಟಿರು" ಎಂದಳು.

ಅದರ ಹಿಂದೆಯೇ ಅಪ್ಪನ ದನಿ. "ಅವ್ವ ತಿಂದು ಸರಿ ಅಂದ್ರೆ ಅಲ್ಲೇ ಇರು. ಇಲ್ಲಾಂದ್ರೆ ಅವತ್ತೇ ಗಂಟುಮೂಟೆ ಕಟ್ಟು. ಒಂದು ಗಂಟೆಗೆ ನಾನೇ ಫೋನ್ ಮಾಡಿ ಕೇಳ್ತೀನಿ."

ಫೋನಿಟ್ಟು ನೋಡಿದರೆ ರಮಾಮಣಿ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಾಳೆ. ಅವಳ ಬೆನ್ನಿಗೆ ಒಂದು ಕೊಟ್ಟೆ.

ಶುಕ್ರವಾರ ಸಂಜೆ ಲ್ಯಾಬ್ ಮುಗಿಸಿ ಉಳವರ್ ಸಂದೈಗೆ ಹೋದೆವು. ರೈತರೇ ಕೂತು ಮಾರುವ ಸಂತೆ ಅದು, ಮುಚ್ಚುವ ಹೊತ್ತಿಗೆ ಹೋದರೆ ಸೊಪ್ಪನ್ನು ಹೆಚ್ಚುಕಮ್ಮಿ ಸುಮ್ಮನೆ ಕೊಡುತ್ತಾರೆ. ಎರಡು ಕಂತೆ ದಂಟಿನ ಸೊಪ್ಪು, ಒಂದು ಪಾವು ಹುರುಳಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕೊಂಡೆವು. ರಾಗಿ ಹಿಟ್ಟು ಊರಿಂದ ತಂದದ್ದು ಡಬ್ಬದಲ್ಲಿ ಹಾಗೇ ಇತ್ತು, ಅದರ ಮುಚ್ಚಳವನ್ನೂ ತೆಗೆದಿರಲಿಲ್ಲ.

ಮೊದಲ ಸಲ, ನನ್ನವ್ವ ಕೊಟ್ಟು ಕಳಿಸಿದ್ದ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರಿಟ್ಟು ಇಂಡಕ್ಷನ್ ಒಲೆ ಒತ್ತಿದೆವು. ಕೀ ಕೀ ಎಂದಿತು. ಇಪ್ಪತ್ತು ನಿಮಿಷ ಕಾದೆವು. ಕೀ ಕೀ. ನೀರಿಗೆ ಬೆರಳಿಟ್ಟರೆ ತಣ್ಣಗೆ.

"ಲೇ ಪೂಂಗೊಡಿ, ನೀನು ಸೈನ್ಸ್ ಸ್ಟೂಡೆಂಟ್ ತಾನೇಡಿ?" ಎಂದಳು ರಮಾಮಣಿ. "ಅಲ್ಯೂಮಿನಿಯಂ ಇದ್ರಲ್ಲಿ ಕಾಯಲ್ಲ!"

ಆ ಪಾತ್ರೆಯನ್ನು ಎತ್ತಿ ಮೂಲೆಗೆ ಎಸೆದೆ. ಸದ್ದಿಗೆ ಕೆಳಗಿನಿಂದ ಮನೆಯೊಡತಿ ವಳ್ಳಿಯಮ್ಮ, "ಎನ್ನ ಸತ್ತಂ ಅದು?" ಎಂದು ಕೂಗಿದರು. ಏನು ಗಲಾಟೆ ಅಂತ. ಗ್ಯಾಸ್ ಕೂಡದು, ಮಾಂಸ ಕೂಡದು, ಗಲಾಟೆಯಂತೂ ಕೂಡಲೇ ಕೂಡದು ಎಂದು ರೂಮು ಕೊಟ್ಟ ಹೆಂಗಸು ಆಕೆ.

ಎರಡನೇ ಸಲ ಸ್ಟೀಲ್ ಕುಕ್ಕರ್ ಇಟ್ಟೆವು. ನೀರು ಕುದಿಯಿತು. ಹಿಟ್ಟು ಸುರಿದೆವು. ತಿರುವಲು ಕೋಲಿಲ್ಲ, ಚಪಾತಿ ಲಟ್ಟಣಿಗೆಯೇ ಕೋಲು. ನಾನು ತಿರುವಿದ ಕೂಡಲೇ ಕುಕ್ಕರೂ ನನ್ನ ಜೊತೆ ತಿರುಗತೊಡಗಿತು.

"ನಮ್ಮಮ್ಮ ಕಾಲಲ್ಲಿ ಇಡ್ಕೋತಾಳೆ ಕಣೆ" ಎಂದಳು ರಮಾಮಣಿ. ಒಲೆಯನ್ನು ನೆಲಕ್ಕಿಳಿಸಿ, ಎರಡೂ ಪಾದಕ್ಕೆ ಟವೆಲ್ ಸುತ್ತಿಕೊಂಡು, ಒಲೆಯ ಮೇಲಿದ್ದ ಕುಕ್ಕರನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಳು. ನಾನು ಲಟ್ಟಣಿಗೆ ಹಾಕಿ ಜೋರಾಗಿ ಒಂದು ಸುತ್ತು ಸುತ್ತಿದೆ. ಕುಕ್ಕರ್ ಸರಿಯಿತು, ಒಲೆ ಕೀ ಎಂದು ಆರಿತು. ಮತ್ತೆ ಒತ್ತಿದೆವು, ಮತ್ತೆ ಸುತ್ತಿದೆ, ಮತ್ತೆ ಆರಿತು. ಹದಿನಾರು ಸಲ ಹೀಗಾದ ಮೇಲೆ ಒಲೆ, ಕುಕ್ಕರು, ರಮಾಮಣಿ ಮೂವರೂ ಗೋಡೆಯ ತನಕ ಜಾರಿಹೋಗಿದ್ದರು. ಅವಳು ನಕ್ಕೂ ನಕ್ಕೂ ಬಿಕ್ಕಳಿಕೆ ತಂದುಕೊಂಡಳು. ನನಗೂ ತಡೆಯಲಾಗಲಿಲ್ಲ. ಒಳಗಿದ್ದದ್ದಕ್ಕೆ ಬೆಲ್ಲ ಹಾಕಿ ಅಂಬಲಿ ಎಂದು ಕುಡಿದು ಮಲಗಿದೆವು.

ಶನಿವಾರ ಬೆಳಿಗ್ಗೆ ಎದ್ದಾಗ ನಗು ಇರಲಿಲ್ಲ. ಐದು ಗಂಟೆಯ ಗೇಟು ಕಣ್ಣೆದುರೇ ಮುಚ್ಚಿದ ಹಾಗಾಗುತ್ತಿತ್ತು.

ಸಾರು ಮಾತ್ರ ಚೆನ್ನಾಗಿಯೇ ಬಂತು. ಹುರುಳಿ ಬೇಯಿಸಿ, ಅದರಲ್ಲೇ ಸೊಪ್ಪು ಹಾಕಿ, ನೀರು ಬಸಿದು, ಮೆಣಸಿನಕಾಯಿ ಬೆಳ್ಳುಳ್ಳಿ ಉಪ್ಪನ್ನು ಸ್ಟೀಲ್ ಲೋಟದ ತಳದಲ್ಲಿ ಕುಟ್ಟಿ ಆ ನೀರಿಗೆ ಕಲಸುವುದು. ಉಪ್ಸಾರು. ಮಿಕ್ಸಿ ಬೇಡ, ಎಣ್ಣೆ ಬೇಡ, ಕಾಯಿ ಬೇಡ. ಬಸಿದ ಕಾಳುಸೊಪ್ಪಿಗೆ ಒಂದು ಈರುಳ್ಳಿ ಸೇರಿಸಿದರೆ ಪಲ್ಯ. ರಮಾಮಣಿ ಬೆರಳಲ್ಲಿ ನೆಕ್ಕಿ, "ಸೂಪರ್‌ಡಿ!" ಎಂದು ಕುಣಿದಳು.

ಹನ್ನೊಂದೂವರೆಗೆ ಕುಕ್ಕರಿನಲ್ಲಿ ನೀರು ಕುದಿಯಿತು. ಹಿಟ್ಟನ್ನು ಗುಡ್ಡೆಯಾಗಿ ಸುರಿದೆ. ಈ ಸಲ ಕೈ ಹಾಕಲಿಲ್ಲ. ಲಟ್ಟಣಿಗೆಯಿಂದ ನಡುವೆ ಒಂದು ತೂತು ಮಾಡಿ ಹತ್ತು ನಿಮಿಷ ಹಾಗೇ ಕುದಿಯಲು ಬಿಟ್ಟೆ. ಗುಡ್ಡೆಯ ಸುತ್ತ ನೀರು ಗುಳುಗುಳು ಎನ್ನುತ್ತಿತ್ತು. ಇನ್ನೇನು ತಿರುವಬೇಕು, ಅಷ್ಟರಲ್ಲಿ ಕೆಳಗೆ ವಳ್ಳಿಯಮ್ಮ ಇಡ್ಲಿ ಹಿಟ್ಟಿಗೆ ಗ್ರೈಂಡರ್ ಹಾಕಿದರು. ಟಪ್ ಎಂದಿತು. ಫ್ಯಾನ್ ನಿಂತಿತು, ಒಲೆ ಆರಿತು, ಇಡೀ ಮನೆಯ ಕರೆಂಟು ಹೋಯಿತು.

"ಮುಡಿಂಜುದು" ಎಂದಳು ರಮಾಮಣಿ. ಮುಗಿಯಿತು ಅಂತ.

"ಬಾಯ್ಮುಚ್ಚೆ!" ಎಂದೆ. ಒಲೆ ಹೇಗೂ ಸತ್ತಿದೆ. ಕುಕ್ಕರನ್ನು ಎತ್ತಿ ನೆಲಕ್ಕಿಳಿಸಿದೆ. ದುಪಟ್ಟಾ ಸುತ್ತಿ ಸಿಂಬಿ ಮಾಡಿ ಅದರ ಮೇಲೆ ಕೂರಿಸಿದೆ. ಟವೆಲ್ ಸುತ್ತಿದ ಎರಡೂ ಕಾಲಿನಿಂದ ಅದುಮಿ ಹಿಡಿದು, ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದೆ. ಕುಕ್ಕರ್ ಅಲ್ಲಾಡಲಿಲ್ಲ! ನೆಲದ ಮೇಲೆ ಕೂತಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ನಮ್ಮ ಹೆಂಗಸರೆಲ್ಲ ಪಾತ್ರೆಯನ್ನು ಒಲೆಯಿಂದ ಇಳಿಸಿ ತಿರುವುತ್ತಾರೆ ಎಂಬುದು ಹತ್ತೊಂಬತ್ತು ವರ್ಷ ಮುದ್ದೆ ನುಂಗಿದ ನಮ್ಮಿಬ್ಬರಿಗೂ ತೋಚಿರಲಿಲ್ಲ. ಸಿಟ್ಟೆಲ್ಲ ತೋಳಿಗೆ ಬಂತು. ಐದು ಗಂಟೆಯ ಬೀಗಕ್ಕೆ ಒಂದು ತಿರುವು, ಲ್ಯಾಬ್ ಇಲ್ಲದ ಕೋರ್ಸಿಗೆ ಒಂದು ತಿರುವು. ಹಿಟ್ಟು ಗಟ್ಟಿಯಾಗುತ್ತಾ ಹೊಳಪು ಬಂತು. ರಮಾಮಣಿ ಕಿರುಚುತ್ತಾ ಚಪ್ಪಾಳೆ ಹೊಡೆಯುತ್ತಿದ್ದಳು.

ಚಪ್ಪಾಳೆ ಥಟ್ಟನೆ ನಿಂತಿತು. ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಿ. ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಕೊಡೆ. ಮೂಗಿನವರೆಗೆ ಹಿಟ್ಟು ಮೆತ್ತಿಕೊಂಡು, ಕಾಲು ಚಾಚಿ, ಲಟ್ಟಣಿಗೆ ಹಿಡಿದು ಕೂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಲಟ್ಟಣ್ಗೇಲಿ ಮುದ್ದೆ! ಕೊಡಿಲ್ಲಿ" ಎನ್ನುತ್ತಾ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ ಮುಂದೆ ಬಂದಳು.

ಅವಳ ಕೈಗೆ ಕೊಟ್ಟರೆ ಮುದ್ದೆ ಚೆನ್ನಾಗಿ ಆಗುತ್ತದೆ, ನನ್ನ ರೂಮು ಹೋಗುತ್ತದೆ. "ಮುಟ್ಟಬೇಡ!" ಎಂದು ಕಿರುಚಿಬಿಟ್ಟೆ. "ಓಗಿ ಮಂಚದ ಮೇಲೆ ಕೂತ್ಕೊ ಅಜ್ಜಿ! ಸುಮ್ನೆ ಕೂತ್ಕೊ!"

ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗೆ ಹೇಳಿದವರು ಯಾರೂ ಇಲ್ಲ. ಅಜ್ಜಿ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಕೊಡೆಯ ಮೇಲೆ ಇಡುತ್ತಿದ್ದಳು.

ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದೆ. ಮೊದಲನೆಯದು ಗುಂಡಗೆ ಬರಲಿಲ್ಲ, ಒಂದು ಕಡೆ ಊದಿಕೊಂಡಿತ್ತು. ಇರಲಿ ಎಂದು ಅದನ್ನೇ ತಟ್ಟೆಗೆ ಹಾಕಿ, ನಡುವೆ ಗುಳಿ ಮಾಡಿ, ಸಾರು ಸುರಿದು, ಹಬೆಯಾಡುವ ತಟ್ಟೆಯನ್ನು ಅಜ್ಜಿಯ ಮುಂದಿಟ್ಟೆ.

"ನಂಗ್ಯಾಕೆ ಮೊದ್ಲು?" ಎಂದಳು ಅಜ್ಜಿ. "ನೀವು ತಿನ್ರಿ."

"ತಿನ್ನಜ್ಜಿ. ಆರೋಗ್ತೈತೆ."

ಅವಳು ಮುರಿದಳು. ಸಾರಿನಲ್ಲಿ ಅದ್ದಿದಳು. ನುಂಗಿದಳು. ಎರಡನೇ ತುತ್ತಿನಲ್ಲಿ ಏನೋ ಹಲ್ಲಿಗೆ ಸಿಕ್ಕಿತು, ಬೇಯದ ಹಿಟ್ಟಿನ ಗಂಟು. ಬೆರಳಲ್ಲಿ ತೆಗೆದು ನೋಡಿ ತಟ್ಟೆಯ ಅಂಚಿಗೆ ಇಟ್ಟಳು. ಮೂರನೇ ತುತ್ತು. ಇನ್ನೊಂದು ಗಂಟು. ತಟ್ಟೆಯ ಅಂಚಿನಲ್ಲಿ ಐದು ಗಂಟು ಸಾಲಾಗಿ ಕೂತವು. ಮುದ್ದೆ ಖಾಲಿಯಾಯಿತು. ತಟ್ಟೆ ಮುಂದೆ ಚಾಚಿದಳು.

"ಇನ್ನೊಂದು ಇಕ್ಕು."

ಅಷ್ಟರಲ್ಲಿ ಫ್ಯೂಸ್ ಹೋಗಿದ್ದಕ್ಕೆ ಜಗಳ ತೆಗೆಯಲು ವಳ್ಳಿಯಮ್ಮ ದಡದಡ ಮೆಟ್ಟಿಲೇರಿ ಬಂದರು. ಬಾಗಿಲಲ್ಲೇ ಮೂಗು ಅರಳಿತು. "ಅಟ, ಕಳಿಯಾ!" ಎಂದರು. ಅವರ ತಮಿಳಿನಲ್ಲಿ ಮುದ್ದೆಗೆ ಕಳಿ ಎನ್ನುತ್ತಾರೆ. ಜಗಳ ಅಲ್ಲೇ ಮರೆತುಹೋಯಿತು. ಅಜ್ಜಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು, ನಾನು ಇನ್ನೊಂದು ತಟ್ಟೆ ಹಾಕಿದೆ. ಅವರೂ ಗಂಟುಗಳನ್ನು ಅಂಚಿಗೆ ಜೋಡಿಸುತ್ತಾ, "ಸಾರು ಪ್ರಮಾದಂ" ಎನ್ನುತ್ತಾ ತಿನ್ನತೊಡಗಿದರು. ತಮಿಳಿನಲ್ಲಿ ಪ್ರಮಾದಂ ಎಂದರೆ ಭಾರಿ ಚೆನ್ನಾಗಿದೆ ಅಂತ. ಒಬ್ಬಳದು ಕನ್ನಡ, ಇನ್ನೊಬ್ಬರದು ತಮಿಳು, ಇಬ್ಬರ ಬಾಯಲ್ಲೂ ಮುದ್ದೆ. ರಮಾಮಣಿಗೆ ಮತ್ತೆ ಬಿಕ್ಕಳಿಕೆ ಶುರುವಾಯಿತು.

ಸರಿಯಾಗಿ ಒಂದು ಗಂಟೆಗೆ ಅಪ್ಪನ ಫೋನು. ಸ್ಪೀಕರ್ ಹಾಕಿ ಅಜ್ಜಿಯ ಮುಂದೆ ಹಿಡಿದೆ.

"ಏನವ್ವಾ? ಎಂಗೈತೆ ಮುದ್ದೆ?"

"ಗಂಟು" ಎಂದಳು ಅಜ್ಜಿ. "ಬರೀ ಗಂಟು. ಲಟ್ಟಣ್ಗೇಲಿ ತಿರುವವ್ಳೆ."

ನನ್ನ ಕಣ್ಣಲ್ಲಿ ನೀರು ತುಂಬಿತು. ರಮಾಮಣಿ ನನ್ನ ತೋಳು ಹಿಡಿದುಕೊಂಡಳು.

"ಅಂಗಾದ್ರೆ ಸರಿ" ಎಂದ ಅಪ್ಪ. "ಕುಪ್ಪಸ್ವಾಮಿಗೆ ಏಳ್ತೀನಿ, ಸಾಯಂಕಾಲ ಬಂದು..."

"ಲೋ, ನಾನಿನ್ನೂ ಮುಗ್ಸಿಲ್ಲ." ಅಜ್ಜಿ ಎಡಗೈಯಲ್ಲಿ ಫೋನನ್ನು ಕಿತ್ತುಕೊಂಡಳು. "ನಾನು ನಿಮ್ಮನೆಗೆ ಬಂದು ಐವತ್ತೆರಡು ವರ್ಷ ಆಯ್ತು. ನಮ್ಮತ್ತೆ ಸತ್ತ ದಿನದಿಂದ ಮುದ್ದೆ ಕೋಲು ನನ್ನ ಕೈಲೈತೆ, ಸೊಸೇನೂ ಮುಟ್ಟಂಗಿಲ್ಲ. ತಿರುವಿದೋಳು ಎಲ್ರಿಗೂ ಇಕ್ಕಿ ಕೊನೇಗೆ ತಿನ್ಬೇಕು. ನಾನು ತಿನ್ನೊತ್ತಿಗೆ ಅದು ಕಲ್ಲಾಗಿರ್ತೈತೆ. ಬಿಸಿ ಮುದ್ದೆ ಎಂಗಿರ್ತೈತೆ ಅಂತ ಇವತ್ತು ಗೊತ್ತಾಯ್ತು ಕಣ್ಲಾ ನಂಗೆ. ಈ ಕೂಸು ನನ್ನ ಬೈದು ಕುಂದ್ರಿಸಿ ಮೊದ್ಲು ನಂಗಿಕ್ತು. ನಿಂಗೆ ನಲವತ್ತೆಂಟಾಯ್ತು, ಒಂದಿನ ನಿಮ್ಮವ್ವನ್ನ ಕುಂದ್ರಿಸಿ ಒಂದು ಮುದ್ದೆ ತಿರುವಿ ಇಕ್ಕಿದ್ದೀಯೇನ್ಲಾ?"

ಆ ಕಡೆ ಕುರಿಗಳು ಕೂಗುತ್ತಿದ್ದವು. ವಳ್ಳಿಯಮ್ಮನಿಗೆ ಎಷ್ಟು ಅರ್ಥವಾಯಿತೋ, ತಿನ್ನುವುದನ್ನು ನಿಲ್ಲಿಸಿದ್ದರು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

"ಇವಳು ಇಲ್ಲೇ ಇರ್ತಾಳೆ" ಎಂದಳು ಅಜ್ಜಿ. "ಕುಪ್ಪಸ್ವಾಮಿಗೆ ಫೋನು ಗೀನು ಏನೂ ಬೇಡ." ಎಂದವಳೇ ನನ್ನ ಕೈಗೆ ಫೋನು ತುರುಕಿ ತಟ್ಟೆಯ ಸಾರು ಕುಡಿಯತೊಡಗಿದಳು.

ಸ್ಪೀಕರ್ ತೆಗೆದು ಕಿವಿಗಿಟ್ಟುಕೊಂಡೆ. ಅಪ್ಪ ಎರಡು ಸಲ ಕೆಮ್ಮಿದ. ಆಮೇಲೆ ಯಾರಿಗೂ ಕೇಳಿಸಬಾರದು ಎಂಬಂತೆ ತಗ್ಗಿದ ದನಿಯಲ್ಲಿ ಕೇಳಿದ.

"ಲೇ ಪೂಂಗೊಡಿ, ಮೊದ್ಲು ರಾಗಿ ಇಟ್ಟು ಆಕೋದಾ, ನೀರಾ?"