ಕಾರಿನ ಜೊತೆ ಬಂದ ಪುಸ್ತಕ

"ನೀನು ಹೂಂ ಅಂದ್ರೆ ತಗೊಳ್ಳೋಣ, ಇಲ್ಲಾಂದ್ರೆ ಬಿಟ್ಟುಬಿಡೋಣ" ಎಂದು ನನ್ನ ಗಂಡ, ಲೈಬ್ರರಿ ಮೇಡಂ ಮಾರಲಿದ್ದ ಹಳೇ ಕಾರಿನ ವಿಷಯ ತೆಗೆದಾಗ ನಾನು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ. ನನ್ನದು ಬಟ್ಟೆ ರಿಪೇರಿ, ಅವರದು ಕಾರು ರಿಪೇರಿ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಪಕ್ಕದ ಶೆಡ್ಡಿನಲ್ಲಿ ಅವರ ಗ್ಯಾರೇಜು. ಕಂಡವರ ಕಾರುಗಳನ್ನೆಲ್ಲ ಬಿಚ್ಚಿ ಜೋಡಿಸಿದವರಿಗೆ ಸ್ವಂತದ್ದೊಂದು ಇರಲಿಲ್ಲ.

"ಎಷ್ಟು ಓಡಿದೆ?"

"ಎರಡು ಲಕ್ಷದ ಹದಿನಾಲ್ಕು ಸಾವಿರ ಕಿಲೋಮೀಟರ್."

"ಅಯ್ಯೋ, ಅಷ್ಟು ಓಡಿದ್ದನ್ನ ಯಾರಾದ್ರೂ ಮನೆಗೆ ತರ್ತಾರಾ?"

"ಓಡಿದ್ರೆ ಏನಂತೆ ಕಣೆ. ಹೇಗೆ ನೋಡ್ಕೊಂಡಿದಾರೆ ಅದನ್ನ ಕೇಳು. ತಗೋ, ಓದು" ಎಂದು ನೀಲಿ ರಟ್ಟಿನ ಪುಸ್ತಕವೊಂದನ್ನು ನನ್ನ ಮಡಿಲಿಗೆ ಹಾಕಿ ಹೋದರು.

ಓದಬಾರದಿತ್ತು. ಹನ್ನೆರಡು ವರ್ಷ ಆ ಕಾರಿಗೆ ಏನೇನು ಮಾಡಿದರೋ ಎಲ್ಲವನ್ನೂ ನನ್ನ ಗಂಡ ತಮ್ಮ ಕೈಯಾರೆ ಬರೆದಿದ್ದರು. ಐದು ಸಾವಿರ ಕಿಲೋಮೀಟರಿಗೆ ಒಂದು ಸಲದಂತೆ ನಲವತ್ತೆರಡು ಸಲ. ಅವರ ಅಕ್ಷರ ಅಷ್ಟು ದುಂಡಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ಅವರು ನನಗೆ ಬರೆದದ್ದು 'ಹಾಲು ತಂದಿಟ್ಟಿದ್ದೇನೆ' ಎಂಬ ಒಂದು ಚೀಟಿ.

'ಆಯಿಲ್, ಫಿಲ್ಟರ್ ಬದಲಾಯಿಸಿದೆ. ಬ್ರೇಕ್ ಪ್ಯಾಡು ಇನ್ನೂ ಎಂಟು ಸಾವಿರ ಬರುತ್ತದೆ. ಇಳಿಜಾರಿನಲ್ಲಿ ಗೇರ್ ಇಳಿಸಿ ಬನ್ನಿ.'

'ಎಡಗಡೆ ಚಕ್ರದ ಹತ್ತಿರ ಬರುವ ಸದ್ದಿಗೆ ಹೆದರಬೇಡಿ. ರಬ್ಬರ್ ಬುಷ್ ಸವೆದಿದೆ, ಅಷ್ಟೇ. ಮುಂದಿನ ಸಲ ಹೊಸದು ಹಾಕುತ್ತೇನೆ.'

ಹೆದರಬೇಡಿಯಂತೆ! ನಮ್ಮ ಅಡುಗೆಮನೆಯ ನಲ್ಲಿ ನಾಲ್ಕು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಆ ಸದ್ದಿಗೆ ಹೆದರಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ.

ಲೈಬ್ರರಿ ಮೇಡಂ ಅರವತ್ತರ ಹೆಂಗಸು. ಮೂವತ್ತು ಕಿಲೋಮೀಟರ್ ಆಚೆಯ ಲೈಬ್ರರಿಗೆ ದಿನವೂ ಹೋಗಿಬಂದು, ಹೋದ ತಿಂಗಳು ನಿವೃತ್ತರಾದವರು. ಅರೆನೆರೆತ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಗಾಡಿ ರಿಪೇರಿಗೆ ಬಿಡಲು ಬಂದಾಗ ಶೆಡ್ಡಿನ ಸ್ಟೂಲ್ ಮೇಲೆ ಕೂತು, ಕೆಲಸ ಮುಗಿಯುವವರೆಗೂ ಎದ್ದು ಹೋಗುತ್ತಿರಲಿಲ್ಲ. ನನ್ನ ಮಿಷನ್ನಿನ ಸದ್ದಿನ ನಡುವೆ ಅವರಿಬ್ಬರ ಮಾತು ಕೇಳುತ್ತಿತ್ತು. ನಕ್ಕರೆ ನಾನು ಪೆಡಲ್ ಜೋರಾಗಿ ತುಳಿಯುತ್ತಿದ್ದೆ. ಅಂಥ ಸಂಬಂಧವೇನೂ ಇಲ್ಲವೆಂದು ನನಗೂ ಗೊತ್ತಿತ್ತು. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಲ್ಲದ್ದಕ್ಕೆ ಹೊಟ್ಟೆ ಉರಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಕಾರು ಮನೆಗೆ ಬರಕೂಡದು ಎಂದು ತೀರ್ಮಾನಿಸಿದೆ. ಆದರೆ ಬೇಡ ಎನ್ನಲು ಮರ್ಯಾದೆಯ ಕಾರಣವೊಂದು ಬೇಕಿತ್ತು. ಎದುರು ಸಾಲಿನಲ್ಲಿ ಇನ್ನೊಂದು ಗ್ಯಾರೇಜಿದೆ. ಶೋರೂಮಿನಿಂದ ಬಂದ ಹೊಸ ಗಾಡಿಯಲ್ಲೂ ತಪ್ಪು ಹುಡುಕುವ ಅವನಿಗೆ ಎಲ್ಲರೂ ಇಟ್ಟ ಹೆಸರು ಡೌಟಣ್ಣ. ನನ್ನ ಗಂಡನಿಗೂ ಅವನಿಗೂ ಹತ್ತು ವರ್ಷದಿಂದ ಮಾತಿಲ್ಲ.

ಗಂಡ ಸಾಮಾನು ತರಲು ಪೇಟೆಗೆ ಹೋದ ಹೊತ್ತು ನೋಡಿ ಮೇಡಂಗೆ ಫೋನ್ ಮಾಡಿದೆ. "ಬೇರೆಯವರ ಹತ್ರ ಒಂದ್ಸಲ ತೋರಿಸ್ಬೇಕಿತ್ತು" ಎಂದೆ. ಸಿಟ್ಟಾಗುತ್ತಾರೆಂದುಕೊಂಡರೆ, "ಒಳ್ಳೇದೇ ಅಲ್ವಾ, ಬಂದೆ" ಎಂದು ತಾವೇ ಕಾರು ತಂದರು. ನನಗೆ ಓಡಿಸಲು ಬಾರದು. ಅವರ ಪಕ್ಕದ ಸೀಟಿನಲ್ಲೇ ಕೂತು ರಸ್ತೆ ದಾಟಿದೆ.

ಡೌಟಣ್ಣ ನನ್ನನ್ನೂ ಕಾರನ್ನೂ ಎರಡೆರಡು ಸಲ ನೋಡಿದ. "ಏನತ್ತಿಗೆ, ದಾರಿ ತಪ್ಪಿ ಬಂದ್ರಾ? ಅಣ್ಣನಿಗೆ ಗೊತ್ತಾ?"

"ನೀವು ಗಾಡಿ ನೋಡಿ. ಅಣ್ಣನ್ನ ನಾನು ನೋಡ್ಕೋತೀನಿ."

ಅವನು ಬಾನೆಟ್ ಎತ್ತಿದ. ಆಯಿಲ್ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿ, ನೀರು ಬೆರೆತಿದೆಯೇ ಎಂದು ಮೂಸಿದ. ಎಂಜಿನ್ ಚಾಲು ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದ. ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿದ, ಕೆಳಗೆ ಮಲಗಿ ಟಾರ್ಚ್ ಹಾಕಿದ. ಅವನ ಮುಖ ಇಳಿಯುತ್ತಾ ಬಂತು. ನನ್ನದೂ.

"ಏನೂ ಸಿಗ್ತಿಲ್ವಲ್ಲ, ಅತ್ತಿಗೆ. ಎರಡು ಲಕ್ಷ ಓಡಿದ ಗಾಡಿ ಅಂತ ಆಣೆ ಮಾಡಿದ್ರೂ ನಂಬಲ್ಲ. ಪಾಪಿ, ಮಗು ಥರ ನೋಡ್ಕೊಂಡಿದಾನೆ."

ಆ ಮಾತು ಕೇಳಲೆಂದೇ ನಾನು ರಸ್ತೆ ದಾಟಿ ಬಂದಂತಾಯಿತು.

"ಬೆಲ್ಟ್ ಯಾವಾಗ ಹಾಕಿದ್ದು?" ಎಂದು ಅವನು ಮತ್ತೆ ತಲೆ ಎತ್ತಿದ. ಜೊತೆಗೆ ತಂದಿದ್ದ ನೀಲಿ ಪುಸ್ತಕ ಕೊಟ್ಟೆ. ಟೈಮಿಂಗ್ ಬೆಲ್ಟ್ ಹಾಕಿದ್ದು ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರಿಗೆ. ಮುಂದಿನದು ಎರಡು ಲಕ್ಷದ ಹತ್ತು ಸಾವಿರಕ್ಕೆ ಎಂದು ಬರೆದಿತ್ತು. ಹಾಕಿಸಿದ ಗುರುತಿಲ್ಲ. ಡೌಟಣ್ಣ ಮೇಲಿನ ಕವರ್ ಬಿಚ್ಚಿದ. ನಾನೂ ಬಗ್ಗಿ ನೋಡಿದೆ. ಹೊಲಿಗೆ ಮಿಷನ್ನಿನ ಬೆಲ್ಟು ನೋಡಿ ನೋಡಿ ಪಳಗಿದ ಕಣ್ಣು. ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕುಗಳು.

"ನೋಡಿ! ಇದು ಓಡ್ತಾ ಓಡ್ತಾ ತುಂಡಾದ್ರೆ ಇಡೀ ಎಂಜಿನ್ನೇ ಹೋಗುತ್ತೆ" ಎಂದ ಡೌಟಣ್ಣನ ಮುಖದಲ್ಲಿ ಲಾಟರಿ ಹೊಡೆದ ಕಳೆ. ನನಗೂ ಎದೆ ಹಗುರಾಯಿತು. "ನಮ್ಮನೆಯವರು ಮರೆತುಬಿಟ್ರಾ ಹಾಗಾದ್ರೆ?" ಎಂದು ಮೇಡಂ ಕಡೆ ತಿರುಗಿ ಬೇಕೆಂದೇ ಕೇಳಿದೆ.

"ಅವರೆಲ್ಲಿ ಮರೀತಾರಮ್ಮ. ಎರಡು ಸಲ ಹೇಳಿದ್ರು. ನಾನೇ, ಇನ್ನೇನು ನನ್ನ ನೌಕರಿ ಮುಗೀತಲ್ಲ, ತಗೊಳ್ಳೋರು ಹಾಕಿಸ್ಕೊಳ್ಳಲಿ ಅಂದೆ."

"ಪುಸ್ತಕದ ತುಂಬಾ ಬರೆದಿದಾರೆ ನಿಮಗೆ. ಮನೇಲಿ ಬಾಯೇ ಬಿಡಲ್ಲ." ಹೇಳಬಾರದೆಂದುಕೊಂಡ ಮಾತು ಜಾರಿಯೇಬಿಟ್ಟಿತು.

ಮೇಡಂ ಕನ್ನಡಕ ಮೇಲೇರಿಸಿದರು. "ತಾವಾಗಿ ಎಲ್ಲಿ ಬರೀತಿದ್ರು? ನಾನು ಬಿಡ್ತಿರಲಿಲ್ಲ. ಇದೇನು, ಅದ್ಯಾಕೆ, ಆ ಸದ್ದು ಯಾವುದು ಅಂತ ತಲೆ ತಿಂತಿದ್ದೆ. ನನಗೆ ನೆನಪಿರಲ್ಲ, ಬರೆದುಕೊಡಿ ಅಂತ ಪುಸ್ತಕ ತಂದುಕೊಟ್ಟಿದ್ದೂ ನಾನೇ."

ನಾನು ಏನನ್ನೂ ಕೇಳುವವಳಲ್ಲ. ಬಾಯಿಬಿಟ್ಟು ಕೇಳಿ ಪಡೆಯುವುದೆಂದರೆ ನನಗೆ ಆಗದು. ತಾವಾಗಿ ತಿಳಿದುಕೊಳ್ಳಲಿ ಎಂದು ಇಪ್ಪತ್ತಮೂರು ವರ್ಷ ಕಾದವಳು. ನಲ್ಲಿಯ ವಿಷಯವನ್ನೂ ಹೇಳಿರಲಿಲ್ಲ. ಪಾತ್ರೆಗಳನ್ನು ಕುಕ್ಕಿದ್ದೆ, ಅಷ್ಟೇ.

ಸಂಜೆ ಶೆಡ್ಡಿಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಗಂಡನ ಮುಖ ಕಪ್ಪಿಟ್ಟಿತು.

"ಹೋಗಿ ಹೋಗಿ ಅವನ ಹತ್ರ ತೋರಿಸಿದ್ಯಾ! ಏನಂದ ಅವನು?"

"ಮಗು ಥರ ನೋಡ್ಕೊಂಡಿದಾನೆ ಅಂದ."

"ಅವನು ಹಾಗಂದ್ನಾ?" ಎಂದು ಸ್ಪ್ಯಾನರ್ ಕೆಳಗಿಟ್ಟರು. ನಗು ತಡೆಯಲು ನೋಡಿದರು, ಆಗಲಿಲ್ಲ. "ಬೆಲ್ಟ್ ಹಾಕ್ದೆ ಒಂದು ಕಿಲೋಮೀಟರೂ ಓಡಿಸಲ್ಲ ಕಣೆ. ಅದು ನನ್ನ ಲೆಕ್ಕದಲ್ಲಿ ಇದ್ದೇ ಇತ್ತು. ಈಗ ನಿನ್ನ ಮಾತು ಹೇಳು. ಬೇಡ ಅಂತೀಯಾ?"

ಬೇಡ ಎನ್ನಲು ಬಾಯಿ ತೆರೆದೆ. ಸ್ಟೂಲ್ ಅಲ್ಲೇ ಇತ್ತು. ಕೂತೆ.

"ರೀ, ಬೆಲ್ಟ್ ತುಂಡಾದ್ರೆ ಎಂಜಿನ್ ಯಾಕೆ ಹೋಗುತ್ತೆ?"

ಅವರು ನನ್ನನ್ನೇ ನೋಡಿದರು. ಕೈ ಒರೆಸಿಕೊಂಡರು. ಮೇಲೆ ಕೆಳಗೆ ಆಡುವ ಪಿಸ್ಟನ್‌ಗೆ ಒಂದು ಮುಷ್ಟಿ, ತೆರೆದು ಮುಚ್ಚುವ ವಾಲ್ವ್‌ಗೆ ಇನ್ನೊಂದು ಕೈಯ ಬೆರಳು. ಎರಡೂ ಒಂದಕ್ಕೊಂದು ತಗಲದಂತೆ ಬೆಲ್ಟು ಹೇಗೆ ಕುಣಿಸುತ್ತದೆಂದು ತೋರಿಸತೊಡಗಿದರು. ಹುಬ್ಬು ಮೇಲೇರಿತು, ಕಣ್ಣು ಹೊಳೆಯಿತು. ಎಷ್ಟು ಚೆಂದವಿತ್ತು ಆ ಮುಖ! ಹನ್ನೆರಡು ವರ್ಷ, ನಲವತ್ತೆರಡು ಸಲ, ಇದೇ ಸ್ಟೂಲ್ ಮೇಲೆ ಕೂತು ಆ ಹೆಂಗಸು ನೋಡಿದ್ದು ಇದೇ ಮುಖವನ್ನು. ಆರುತ್ತದೆ ಎಂದುಕೊಂಡ ಹೊಟ್ಟೆಕಿಚ್ಚು ಭಗ್ಗೆಂದಿತು.

"ಅರ್ಥ ಆಯ್ತಾ?"

"ಇಲ್ಲ. ಇನ್ನೊಂದ್ಸಲ ಹೇಳಿ."

ಹೇಳಿದರು. ಮುಗಿದ ಮೇಲೆ ನಾನು ನೀಲಿ ಪುಸ್ತಕ ತೆಗೆದೆ.

"ಕಾರು ಬರಲಿ. ನನಗೆ ಓಡಿಸೋದು ಕಲಿಸ್ಬೇಕು. ಪುಸ್ತಕ ಮಾತ್ರ ಇನ್ಮೇಲೆ ನನ್ನ ಹತ್ರಾನೇ ಇರುತ್ತೆ."

ನಲವತ್ತಮೂರನೆಯ ಸಲಕ್ಕೆ ಗೆರೆ ಎಳೆದು, ಟೈಮಿಂಗ್ ಬೆಲ್ಟ್ ಎಂದು ಬರೆದೆ. ಅದರ ಕೆಳಗೆ, 'ಅಡುಗೆಮನೆ ನಲ್ಲಿ. ವಾಷರ್. ನಾಲ್ಕು ತಿಂಗಳು ತಡ' ಎಂದು ಸೇರಿಸಿ ಅವರ ಮುಂದೆ ಹಿಡಿದೆ.

ಅವರು ಓದಿದರು. "ನಲ್ಲಿ ಕೆಟ್ಟಿದೆಯಾ? ಹೇಳೋದಲ್ವಾ?"

"ಈಗ ಹೇಳಿದೀನಲ್ಲ. ಯಾವತ್ತು ಮಾಡ್ತೀರ, ನಿಮ್ಮ ಕೈಲೇ ಬರೀರಿ" ಎಂದು ಪೆನ್ನು ಕೊಟ್ಟೆ. "ದುಂಡಗೆ ಬರೀರಿ."