ದುಂಡು ಕೂಸಿನ ಸ್ಪರ್ಧೆ

ತಕ್ಕಡಿಯ ಮೇಲೆ ಕೂತಿದ್ದ ಮೊಮ್ಮಗ ಇಸಿದ್ರೊ ಹಾಲಿನಪುಡಿ ಕಂಪನಿಯವನ ಟೈ ಹಿಡಿದು ಎಳೆದಾಗ ಎಲೂತೆರಿಯಾಗೆ ಆ ಬೆಳಗ್ಗೆ ಮೊದಲ ಸಲ ಖುಷಿಯಾಯಿತು. ಟೈ ಕಟ್ಟಿದ ಗಂಡಸರೆಲ್ಲ ಅವಳ ಕಣ್ಣಿಗೆ ಮೂಗುದಾರ ಹಾಕಿದ ಹೋರಿಗಳು.

"ಊರಿಗೇ ದುಂಡು ಕೂಸು!" ಪುರಸಭೆಯ ಅಂಗಳಕ್ಕೆಲ್ಲ ಕೇಳುವಂತೆ ಅವನು ಕೂಗಿದ. "ಮೂಳೆ, ಮೆದುಳು, ಎಲ್ಲಕ್ಕೂ ಬೇಕಾದ್ದು ನಮ್ಮ ಡಬ್ಬೀಲಿದೆ. ಗೆದ್ದವರಿಗೆ ಒಂದು ವರ್ಷದ ಪುಡಿ!"

"ನಿಮ್ಮವ್ವನ ಎದೆ ತಗಡಿಂದೇನಪ್ಪಾ?" ಎಂದಳು ಎಲೂತೆರಿಯಾ. ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಸೊಸೆ ನೊಹೆಮಿ ನಗಲಿಲ್ಲ. ಸೋಮವಾರ ಅವಳು ಸಾನ್ ಪೆದ್ರೊ ನಗರದ ಅಂಗಿ ಕಾರ್ಖಾನೆಗೆ ಸೇರಬೇಕಿತ್ತು. ಮೊಲೆಹಾಲು ಬಿಟ್ಟು ಬೇರೇನೂ ಕಂಡರಿಯದ ಕೂಸನ್ನು ಅತ್ತೆಯ ಬಳಿ ಬಿಟ್ಟುಹೋಗಬೇಕಾದರೆ ಆ ಡಬ್ಬಿಗಳು ಬೇಕೇಬೇಕು. ಬಹುಮಾನವೋ, ಡಬ್ಬಿಹಾಲಿನಲ್ಲೇ ಬೆಳೆದ ಕೂಸಿಗೆ ಮಾತ್ರ.

"ಹುಟ್ಟಿದಾಗಿಂದ ಇದೇ ಕುಡಿಸ್ತಿದೀನಿ ಸಾರ್," ಎಂದಳು ನೊಹೆಮಿ.

ಅವನಿಗೆ ಅನುಮಾನ. "ಹೌದಾ ಅಜ್ಜಿ? ನೀವು ಹೇಳಿ."

ಎಲೂತೆರಿಯಾ ಆ ಪುಡಿಯನ್ನು ಹಂದಿಗೂ ಇಕ್ಕುವವಳಲ್ಲ. ಪುಡಿಗೆ ನೀರು ಬೇಕು. ಈ ಊರಲ್ಲಿ ನೀರೆಂದರೆ ಹೊಳೆ, ಮೇಲೆ ಕತ್ತೆ ತೊಳೆದ ನೀರನ್ನೇ ಕೆಳಗೆ ಕೊಡಕ್ಕೆ ತುಂಬಬೇಕು. ಹೋದ ಮಳೆಗಾಲ ಪಕ್ಕದ ಮನೆಯ ಡಬ್ಬಿಕೂಸು ಭೇದಿ ಹತ್ತಿ ಒಣಗಿಹೋದದ್ದನ್ನು ಕಣ್ಣಾರೆ ಕಂಡಿದ್ದಳು. ಈಗ ನಿಜದ ಒಂದು ಮಾತು ಸಾಕು, ಸೊಸೆ ಮನೆಯಲ್ಲೇ ಉಳಿಯುತ್ತಾಳೆ.

ಉಳಿದು? ಅಂಗಳದಾಚೆ ಸಾರಾಯಿ ಅಂಗಡಿಯ ಮೆಟ್ಟಿಲ ಮೇಲೆ ಅವಳ ಮಗ ರುಫಿನೊ ಬಾಯಿ ತೆರೆದು ಮಲಗಿದ್ದ. ಹೆಂಡತಿ ಕೂಲಿ ಮಾಡಿ ತಂದ ಜೋಳವನ್ನೂ ಮಾರಿ ಕುಡಿಯುವ ಗಂಡು.

"ಡಬ್ಬೀದೇ," ಎಂದಳು ಮುದುಕಿ. "ನನ್ನ ಎದೆಹಾಲು ಕುಡಿದವನು ಹೇಗಾದ ಅಂತ ಅಲ್ಲಿ ನೋಡು. ಮೂರು ವರ್ಷ ಹೀರಿದ, ಭಂಡ. ಇನ್ನು ಮೊಮ್ಮಗನನ್ನೂ ಹಾಳುಮಾಡಲಾ?"

ಅಂಗಳವೆಲ್ಲ ಗೊಳ್ಳೆಂದಿತು. ಕಂಪನಿಯವನೂ ನಕ್ಕು, ಡಬ್ಬಿಯೊಂದನ್ನು ಅವಳ ಕೈಗಿಟ್ಟು ಫೋಟೋದವನನ್ನು ಕರೆದ.

ತಕ್ಕಡಿಯಿಂದ ತಾಯಿಯ ತೋಳಿಗೆ ಬಂದದ್ದೇ ಹಸಿದ ಇಸಿದ್ರೊ ಅವಳ ಎದೆಗೆ ಮೂತಿ ತಿಕ್ಕುತ್ತ ಚೀರತೊಡಗಿದ. ನೊಹೆಮಿಯ ಅಂಗಿಯ ಮೇಲೆ ಒದ್ದೆ ಕಲೆಯೊಂದು ಮೂಡಿ ಅಗಲವಾಗುತ್ತ ಹೋಯಿತು.

"ನೀರು ನಾನು ಕುದಿಸ್ತೀನಿ. ನೀನು ಹಲ್ಲು ಕಿಸಿ, ಹೆಣ್ಣೇ," ಎಂದು ಗೊಣಗುತ್ತ ಎಲೂತೆರಿಯಾ ಡಬ್ಬಿಯನ್ನು ಎತ್ತಿ, ಕಲೆ ಮುಚ್ಚುವಂತೆ ಸೊಸೆಯ ಎದೆಗೆ ಒತ್ತಿ ಹಿಡಿದಳು, ಅದರ ಮೇಲಿನ ಚಿತ್ರದ ನಗುವ ಕೂಸು ಕ್ಯಾಮೆರಾದ ಕಡೆ ಮುಖ ಮಾಡಿರುವಂತೆ.